ಟವೆಲ್ಲಿನ ಕೆಳಗಿನ ಕಿರುಬೆರಳು

"ಅಜ್ಜಾರ, ಒಂಬತ್ತೂವರೆ ಸಾವಿರದ ಮಾಲು. ಕೊಳ್ಳೋರು ಕೇಳದಿದ್ದರ, ನಾನಾಗಿ ಹೇಳಬೇಕೇನ್ರಿ?"

ಭಾನುವಾರದ ಆರಾಧನೆ ಮುಗಿದಿತ್ತು. ಎಲೀಷ ದೇವಾಲಯದಿಂದ ನೆಟ್ಟಗೆ ನತಾನಯೇಲಪ್ಪನವರ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಕುಡಿಯಲು ನೀರು ಕೊಡುವ ಮೊದಲೇ ಹೀಗೆ ಕೇಳಿದ.

ಎಲೀಷ ಹಳೆಯ ಹೊಲಿಗೆ ಮಷೀನು ಕೊಂಡು, ರಿಪೇರಿ ಮಾಡಿ, ಬಣ್ಣ ಬಳಿದು ಮಾರುವವನು. ಅಂಗಡಿ ಹಾಕಿ ಮೂರು ವರ್ಷವಾಗಿತ್ತು. ನತಾನಯೇಲಪ್ಪನವರು ಸಭೆಯ ಹಿರಿಯರು. ಭಾನುವಾರ ಸಂಜೆ ಹುಡುಗರಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಅದಕ್ಕೂ ಮೊದಲು ನಲವತ್ತು ವರ್ಷ ದನದ ಸಂತೆಯಲ್ಲಿ ದುಡಿದವರು. ಹಾಗಾಗಿ ಅವರ ಪಾಠದಲ್ಲಿ ಕುರಿಗಳಿಗಿಂತ ಎತ್ತುಗಳೇ ಹೆಚ್ಚು ಬರುತ್ತಿದ್ದವು.

"ಮಾಲು ಯಾವುದು?" ಎಂದರು ಹಿರಿಯರು.

"ಮಷೀನು."

"ಐಬು ಏನು?"

ಎಲೀಷ ಹುಬ್ಬೇರಿಸಿದ. ಐಬು ಇದೆ ಎಂದು ಅವನು ಹೇಳಿರಲಿಲ್ಲ. "ಕೆಳಗಿನ ಬೀಡುಕಬ್ಬಿಣ ಸೀಳಿತ್ರಿ. ಬೆಸುಗೆ ಹಾಕಿಸಿ, ಬಣ್ಣ ಬಳಿದೀನಿ. ತೆಳು ಬಟ್ಟೆಗೆ ಏನೂ ಆಗೂದಿಲ್ಲ. ದಪ್ಪ ಬಟ್ಟೆ ಹೊಲಿದರ ಆರು ತಿಂಗಳಿಗೆ ಅಲ್ಲಾಡಬಹುದು."

"ಕೊಳ್ಳೋರು ಯಾರು? ಏನು ಹೊಲೀತಾರ?"

"ನಮ್ಮ ಕರುಣಾಬಾಯಿ ಅಕ್ಕಾರು. ಸಾಲಿ ಹುಡುಗರ ಖಾಕಿ ಚಡ್ಡಿ."

"ಆಕಿ ಯಾಕ ಕೇಳೂದಿಲ್ಲ?"

"ಎಲೀಷ ಕೊಟ್ಟದ್ದು ಅಂದಮ್ಯಾಲ ನೋಡೂದೇನೈತಿ ಅಂತಾರ." ಅವನು ನೆಲ ನೋಡಿದ. ಕೂಡಲೇ ತಲೆ ಎತ್ತಿದ. "ನಾನು ಸುಳ್ಳಂತೂ ಹೇಳಿಲ್ರಿ. ಬಣ್ಣ ಹೊಸಾದು ಅಂದೆ. ಬಣ್ಣ ಹೊಸಾದ ಐತಿ."

ನತಾನಯೇಲಪ್ಪನವರು ನಕ್ಕರು. ಬೈಯುವ ನಗೆಯಲ್ಲ. ತಮ್ಮ ಹಳೆಯ ಅಂಗಿಯನ್ನು ಬೇರೊಬ್ಬನ ಮೈಮೇಲೆ ಕಂಡವರ ನಗೆ. ಒಳಗಿನಿಂದ ಎರಡು ಕಪ್ ಚಹಾ ಬಂತು. ಒಂದನ್ನು ಅವನ ಕಡೆ ಸರಿಸಿದರು.

"ಚಹಾ ಕುಡಿ. ಒಬ್ಬ ದಲ್ಲಾಳಿ ಕತಿ ಹೇಳತೀನಿ."

ಯಾವ ದಲ್ಲಾಳಿ ಎಂದು ಎಲೀಷ ಕೇಳಲಿಲ್ಲ. ನಲವತ್ತು ವರ್ಷದ ಲೆಕ್ಕ ಅವನಿಗೂ ಗೊತ್ತಿತ್ತು.

*

ಒಂದು ಊರಿನಲ್ಲಿ ಮಂಗಳವಾರಕ್ಕೊಮ್ಮೆ ದನದ ಸಂತೆ ಕೂಡುತ್ತಿತ್ತು. ಅಲ್ಲಿ ಒಬ್ಬ ದಲ್ಲಾಳಿ ಇದ್ದ. ದೀಕ್ಷಾಸ್ನಾನ ಪಡೆದ ದಿನ ಅವನು ದೇವರಿಗೆ ಒಂದು ಮಾತು ಕೊಟ್ಟಿದ್ದ. ಇನ್ನು ಮುಂದೆ ನನ್ನ ಬಾಯಿಂದ ಸುಳ್ಳು ಹೊರಡುವುದಿಲ್ಲ ಎಂದು. ಇಪ್ಪತ್ತು ವರ್ಷ ಆ ಮಾತನ್ನು ನಡೆಸಿಕೊಂಡು ಬಂದ.

ದನದ ಸಂತೆಯಲ್ಲಿ ಇದು ಹೊರಗಿನವರು ತಿಳಿದಷ್ಟು ಕಷ್ಟವಲ್ಲ. ಅಲ್ಲಿ ಬೆಲೆ ಬಾಯಲ್ಲಿ ಆಗುವುದಿಲ್ಲ, ಕೈಯಲ್ಲಿ ಆಗುತ್ತದೆ. ಇಬ್ಬರು ಕೈ ಕೂಡಿಸುತ್ತಾರೆ. ಮೇಲೆ ಟವೆಲ್ ಹೊದಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು ಸಾವಿರ, ಅರ್ಧ ಬೆರಳು ಹಿಡಿದರೆ ಐನೂರು. ಸುತ್ತ ಹತ್ತು ಜನ ನಿಂತಿದ್ದರೂ ಯಾರಿಗೂ ಬೆಲೆ ತಿಳಿಯುವುದಿಲ್ಲ. ಬಾಯಿಗೆ ಅಲ್ಲಿ ಎಲೆ ಅಡಿಕೆ ಬಿಟ್ಟರೆ ಬೇರೆ ಕೆಲಸವಿಲ್ಲ.

ಕೊಳ್ಳುವವರು ಎತ್ತಿನ ಗುಣ ಕೇಳಿದರೆ ದಲ್ಲಾಳಿ ಇದ್ದ ಗುಣವನ್ನೇ ಹೇಳುತ್ತಿದ್ದ. ಕೊಂಬು ಚೆನ್ನಾಗಿದ್ದರೆ ಕೊಂಬು ಚೆನ್ನಾಗಿದೆ ಎನ್ನುತ್ತಿದ್ದ. ಐಬು ಕೇಳಿದರೆ ಎತ್ತಿನ ಬೆನ್ನು ಚಪ್ಪರಿಸಿ, "ಮಾಲು ನಿಮ್ಮ ಮುಂದ ಐತಿ, ಕಣ್ಣು ನಿಮ್ಮವು ಅದಾವು, ನೋಡ್ರಿ" ಎನ್ನುತ್ತಿದ್ದ. ಅದರಲ್ಲೂ ಸುಳ್ಳಿಲ್ಲ. ಮಾಲು ಮುಂದೆಯೇ ಇರುತ್ತಿತ್ತು. ಕಣ್ಣು ಅವರವೇ.

"ಇದರಾಗ ತಪ್ಪೇನೈತ್ರಿ?" ಎಂದ ಎಲೀಷ.

"ತಪ್ಪು ಕೇಳಬ್ಯಾಡ, ವ್ಯಾಪಾರ ಕೇಳು," ಎಂದರು ಹಿರಿಯರು. "ಸಂತೆಯಾಗ ಸುಳ್ಳು ಹೇಳೋರು ಬೇಕಾದಷ್ಟು ಮಂದಿ ಇದ್ದರು. ಅವರ ಮಾತು ಕೇಳಿ ಜನ ಎತ್ತಿನ ಹಲ್ಲು ನೋಡತಿದ್ದರು, ಗೊರಸು ಬಡೀತಿದ್ದರು, ಬಾಲ ಹಿಡಿದು ಜಗ್ಗತಿದ್ದರು. ಈ ದಲ್ಲಾಳಿ ಸುಮ್ಮನಾದರ ಯಾರೂ ಬಗ್ಗಿ ನೋಡತಿದ್ದಿಲ್ಲ. ಐಬು ಇದ್ದಿದ್ದರ ಇವ ಹೇಳತಿದ್ದ ಅಂತ ತಿಳೀತಿದ್ದರು. ಉಳಿದವರ ಸುಳ್ಳಿಗಿಂತ ಇವನ ಮೌನಕ್ಕ ರೇಟು ಹೆಚ್ಚಿತ್ತು."

ಎಲೀಷ ಚಹಾ ಕಪ್ಪನ್ನು ಕೆಳಗಿಟ್ಟ. ಕತೆ ಮುಂದುವರಿಯಿತು.

ಒಂದು ಮಂಗಳವಾರ ದೊಡ್ಡ ಕುಳವಾದ ಧಣಿಯೊಬ್ಬ ಒಂದು ಒಂಟಿ ಎತ್ತು ತಂದ. ಅವನು ವರ್ಷಕ್ಕೆ ಹನ್ನೆರಡು ಎತ್ತು ಈ ದಲ್ಲಾಳಿಯ ಕೈಯಿಂದಲೇ ಮಾರಿಸುತ್ತಿದ್ದ. ದಲ್ಲಾಳಿಯ ಮನೆಯ ವರ್ಷದ ಜೋಳ ಅವನೊಬ್ಬನಿಂದಲೇ ಬರುತ್ತಿತ್ತು ಎಂದರೂ ನಡೆಯುತ್ತದೆ. ಎತ್ತು ನೋಡಲು ಚೆಂದ. ಹೆಗಲು ಗಟ್ಟಿ. ಆದರೆ ಎಡಗಣ್ಣು ಮಂಜು. ಎಡಗಡೆಯಿಂದ ಯಾರಾದರೂ ಸದ್ದಿಲ್ಲದೆ ಬಂದರೆ ಬೆಚ್ಚಿ ಒದೆಯುತ್ತಿತ್ತು. ಧಣಿಯ ಮನೆಯ ಆಳೊಬ್ಬನ ಮೊಣಕಾಲು ಆಗಲೇ ಹೋಗಿತ್ತು. ಧಣಿ ಇದನ್ನು ದಲ್ಲಾಳಿಗೆ ಕಿವಿಯಲ್ಲಿ ಹೇಳಿ, "ನಾಲ್ಕು ಸಾವಿರಕ್ಕ ಒಂದು ಪೈ ಕಡಿಮಿ ಆಗಬಾರದು. ನೀ ಹ್ಯಾಂಗೂ ಸುಳ್ಳು ಹೇಳೂದಿಲ್ಲ. ಸುಮ್ಮನಿರು, ಸಾಕು" ಎಂದ.

ದಲ್ಲಾಳಿ ಎತ್ತಿನ ಎಡಗಡೆಯನ್ನು ಗೋಡೆಯ ಕಡೆ ತಿರುಗಿಸಿ ಕಟ್ಟಿದ. ಕಟ್ಟುವುದು ಬಾಯಿಯ ಕೆಲಸವಲ್ಲ.

ಕೊಳ್ಳಲು ಒಬ್ಬ ಗಾಣದ ಮುದುಕ ಬಂದ. ಎಣ್ಣೆಯ ಗಾಣಕ್ಕೆ ಒಂದೇ ಎತ್ತು ಸಾಕು. ಮುದುಕ ಚಿಕ್ಕಂದಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಕಳೆದುಕೊಂಡವನು. ಕೋಲು ಬಡಿಯುತ್ತ, ದಾರಿಯಲ್ಲಿ ಎಲ್ಲರ ಮೇಲೂ ರೇಗುತ್ತ, ಎಲ್ಲರನ್ನೂ ನಗಿಸುತ್ತ ಬರುತ್ತಿದ್ದ. ದಲ್ಲಾಳಿಗೆ ಅವನೆಂದರೆ ಪ್ರೀತಿ. ಅವನಿಗೂ ದಲ್ಲಾಳಿಯೆಂದರೆ ಸಲಿಗೆ.

ಮುದುಕ ಎತ್ತಿನ ಹೆಗಲು ಮುಟ್ಟಿದ, ಎದೆ ಮುಟ್ಟಿದ, ಕೊರಳ ಕೆಳಗಿನ ಗಂಗೆದೊಗಲು ಎತ್ತಿ ನೋಡಿದ. "ಐಬು ಏನಾದರೂ ಐತೇನೋ?" ಎಂದು ಕೇಳಿದ.

ದಲ್ಲಾಳಿಯ ಬಾಯಿ ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಓಡಿತು. "ಮಾಲು ನಿಮ್ಮ ಮುಂದ ಐತಿ ಅಜ್ಜಾ. ಕಣ್ಣು ನಿಮ್ಮವು..."

ಅಲ್ಲಿಗೆ ನಿಂತಿತು.

ಮುದುಕ ಗಹಗಹಿಸಿದ. "ಹೇಳಪ್ಪಾ, ಹೇಳು! ಕಣ್ಣು ನನ್ನವು ಎಲ್ಲಿ ಅದಾವು? ನಿನಗ ಸಿಕ್ಕಿದ್ದರ ಕೊಡು, ಹಾಕ್ಕೊಂಡು ನೋಡತೀನಿ." ಸುತ್ತ ನಿಂತವರೂ ನಕ್ಕರು. ಆಮೇಲೆ ಮುದುಕ ದನಿ ತಗ್ಗಿಸಿದ. "ನಿನ್ನ ಬಾಯಿ ಸುಳ್ಳಾಡೂದಿಲ್ಲ ಅಂತ ಸಂತೆಗೆಲ್ಲ ಗೊತ್ತು. ಆದರ ಧಣಿ ಮಗ್ಗಲಕ್ಕ ನಿಂತಾನ, ಬಾಯಿ ಬಿಟ್ಟರ ನಿನಗ ಕಷ್ಟ. ನನಗೂ ತಿಳೀತದ. ನನಗ ಬಾಯಿ ಬ್ಯಾಡ, ಕೈ ಕೊಡು. ಐಬು ಇದ್ದರ ನನ್ನ ಕಿರುಬೆರಳು ಹಿಡಿ. ಇಲ್ಲದಿದ್ದರ ಹೆಬ್ಬೆರಳು ಹಿಡಿ. ಎತ್ತಿನ ಹತ್ತಿರ ದಿನಾ ಹೋಗಾಂವ ನಾನು. ತಡವಿಕೊಂಡು ಹೋಗಾಂವ."

ಕೈಗಳ ಮೇಲೆ ಟವೆಲ್ ಬಿತ್ತು. ಅದರ ಕೆಳಗೆ ಮುದುಕನ ಕೈ ಬಿಚ್ಚಿ ಕುಳಿತಿತ್ತು. ಎಣ್ಣೆಯ ಕೈ. ಐದು ಬೆರಳೂ ಕಾಯುತ್ತಿದ್ದವು.

ದಲ್ಲಾಳಿ ಲೆಕ್ಕ ಹಾಕಿದ. ಹೆಬ್ಬೆರಳು ಹಿಡಿದರೆ ಬಾಯಿಯ ಮಾತಿಗೆ ಭಂಗವಿಲ್ಲ. ದೇವರಿಗೆ ಕೊಟ್ಟದ್ದು ಬಾಯಿಯ ಮಾತು, ಬೆರಳಿನದಲ್ಲ. ಭಾನುವಾರ ಎಂದಿನಂತೆ ದೇವಾಲಯದಲ್ಲಿ ಎದ್ದು ನಿಲ್ಲಬಹುದು. ಮನೆಯಲ್ಲಿ ಜೋಳ ಇರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಕೈ ಯಾವ ಬೆರಳನ್ನೂ ಹಿಡಿಯಲಿಲ್ಲ.

"ಏನೋ ತಮ್ಮಾ, ಕೈ ಬೆವರಾಕ ಹತ್ತೇತಿ?" ಎಂದ ಮುದುಕ. "ನಿಮ್ಮ ಅಯ್ಯನವರು ದೀಕ್ಷಾಸ್ನಾನದ ನೀರು ಹಾಕಿದಾಗ ಬಾಯಿ ಅಷ್ಟ ತೋಯ್ದಿತ್ತೇನು?"

ಅವನು ಹೇಳಿದ್ದು ತಮಾಷೆಗೆ. ಬೇರೆ ದೇವರಿಗೆ ನಡೆದುಕೊಳ್ಳುವ ಮುದುಕ. ಇದರಲ್ಲಿ ಪಾಠ ಹೇಳುವ ಉದ್ದೇಶ ಅವನಿಗಿರಲಿಲ್ಲ. ಆದರೆ ದಲ್ಲಾಳಿಗೆ ಇಪ್ಪತ್ತು ವರ್ಷದ ಪ್ರಸಂಗಗಳು ಹೇಳದಿದ್ದದ್ದನ್ನು ಆ ತಮಾಷೆ ಹೇಳಿತು.

ಅವನು ಕಿರುಬೆರಳು ಹಿಡಿದ.

ಮುದುಕ ತಲೆಯಾಡಿಸಿದ. "ಆತು. ಯಾವ ಐಬು?"

ಇಲ್ಲಿ ದಲ್ಲಾಳಿ ಸಿಕ್ಕಿಬಿದ್ದ. ಸಂತೆಯ ಬೆರಳುಗಳಿಗೆ ಸಾವಿರ ಹೇಳಲು ಬರುತ್ತದೆ, ಐನೂರು ಹೇಳಲು ಬರುತ್ತದೆ. ಎಡಗಣ್ಣು ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಬಾಯಿಯೇ ಬೇಕು. ಧಣಿ ಎರಡು ಮಾರು ದೂರದಲ್ಲಿ ನಿಂತು ಕಿವಿ ಇತ್ತಲೇ ಇಟ್ಟಿದ್ದ. ಅಷ್ಟರಲ್ಲಿ ಮುದುಕನ ಇನ್ನೊಂದು ಕೈ ಎತ್ತಿನ ಬೆನ್ನಿನ ಮೇಲೆ ಹರಿಯುತ್ತ ಗೋಡೆಯ ಕಡೆಗೆ, ಎಡಗಡೆಗೆ ಹೊರಟಿತ್ತು. ಎತ್ತಿನ ಚರ್ಮ ಒಮ್ಮೆ ನಡುಗಿತು. ಹಿಂಗಾಲು ಎದ್ದಿತು.

ದಲ್ಲಾಳಿ ಟವೆಲ್ ಕಿತ್ತೆಸೆದು, ಮುದುಕನನ್ನು ತನ್ನ ಕಡೆ ಎಳೆದುಕೊಂಡು, ಸಂತೆಗೆಲ್ಲ ಕೇಳುವಂತೆ ಕೂಗಿದ. "ಎಡಕ್ಕ ಹೋಗಬ್ಯಾಡ ಅಜ್ಜಾ! ಅದಕ್ಕ ಎಡಗಣ್ಣು ಇಲ್ಲ. ಒದೀತೈತಿ!"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಧಣಿ ಬಂದು ದಲ್ಲಾಳಿಯ ಎದೆಗೆ ಬೆರಳು ಇಟ್ಟ. "ಇಲ್ಲ್ಯಾಕ ನಿಂತೀಯೋ? ಹೋಗು, ಪಾದ್ರಿ ಆಗು. ಇನ್ನ ನನ್ನ ಹಗ್ಗ ಮುಟ್ಟಿದರ ಕೈ ಮುರೀತೀನಿ" ಎಂದ.

ಮುದುಕ ಮಾತ್ರ ಎತ್ತಿನ ಬಲಗಡೆಗೆ ಬಂದು ಅದರ ಹಣೆ ನೇವರಿಸುತ್ತಿದ್ದ. "ಎಲೆಲಾ, ನಿನಗ ಒಂದಾದರೂ ಐತಿ. ನಮ್ಮ ಮನಿಗೆ ಬಂದರ ನೀನ ಹಿರಿಯ" ಎಂದ. ಆಮೇಲೆ ಧಣಿಯ ಕಡೆ ತಿರುಗಿದ. "ಗಾಣಕ್ಕ ಕಟ್ಟಿದಮ್ಯಾಲ ಹ್ಯಾಂಗೂ ಕಣ್ಣಿಗೆ ಬಟ್ಟಿ ಕಟ್ಟತೀವಿ. ಸದ್ದಿಲ್ಲದ ಬಂದರ ನಾನೂ ಬೆಚ್ಚತೀನಿ, ಒಮ್ಮೊಮ್ಮೆ ಒದೀತೀನಿ. ಇಬ್ಬರಿಗೂ ಔಷಧ ಒಂದ. ಹತ್ತಿರ ಬರೋರು ಮಾತಾಡಿಕೋತ ಬರಬೇಕು. ಮೂರು ಸಾವಿರ. ಕೊಡತಿ, ಇಲ್ಲಾ ಮನಿಗೆ ಹೊಡಕೊಂಡು ಹೋಗತಿ?"

ಸಂತೆಯೆಲ್ಲ ಕೇಳಿದ ಮೇಲೆ ಆ ಎತ್ತನ್ನು ಬೇರೆ ಯಾರು ಕೊಳ್ಳುತ್ತಾರೆ? ಧಣಿ ಹಲ್ಲು ಕಡಿದು ಹಗ್ಗ ಕೊಟ್ಟ. ಬೆಲೆ ಬಾಯಲ್ಲೇ ಆಯಿತು. ಟವೆಲ್ ಕೆಳಗೆ ಬಿದ್ದು ಮಣ್ಣಾಗಿತ್ತು.

*

ಚಹಾ ತಣ್ಣಗಾಗಿತ್ತು. ಕತೆಯ ಬಾಲದಲ್ಲಿ ಏನಾದರೂ ಒಳ್ಳೆಯದು ಬರುತ್ತದೆಂದು ಎಲೀಷನ ನಿರೀಕ್ಷೆ. ಬರಲಿಲ್ಲ.

"ಹಂಗಾರ ಆ ದಲ್ಲಾಳಿಗೆ ಸಿಕ್ಕಿದ್ದೇನ್ರಿ?" ಎಂದು ಕೇಳಿದ.

"ಲೆಕ್ಕ ಕೇಳತಿ? ಹೇಳತೀನಿ. ನಾನೂ ವ್ಯಾಪಾರಸ್ಥ, ನಿನಗ ಬಣ್ಣ ಬಳಿದು ಹೇಳೂದಿಲ್ಲ." ನತಾನಯೇಲಪ್ಪನವರು ಕಾಲು ಚಾಚಿದರು. "ಆ ದಿನದ ದಲ್ಲಾಳಿ ರೊಕ್ಕ ಹೋತು. ವರ್ಷದ ಹನ್ನೆರಡು ಎತ್ತು ಹೋದವು. ಎರಡು ವರ್ಷ ಮನಿಯಾಗ ಗಂಜಿ ಕುಡಿದರು. ಹೆಂಡತಿ ಬೈದಳು, ಆಮ್ಯಾಲ ಬೈಯೂದು ಬಿಟ್ಟಳು, ಅದು ಇನ್ನೂ ಕಷ್ಟ ಆತು. ಸಂತೆಯಾಗ ಪಾದ್ರಿ, ಪಾದ್ರಿ ಅಂತ ಹೆಸರು ಬಿತ್ತು. ಇಷ್ಟು ಹೋದದ್ದು."

"ಬಂದದ್ದು?"

"ಮುಂದಿನ ಮಂಗಳವಾರ ಮುದುಕ ಒಂದು ಬಾಟಲಿ ಕುಸುಬಿ ಎಣ್ಣಿ ತಂದು ಕೊಟ್ಟ."

"ಅಷ್ಟೇನ?"

"ಎಣ್ಣಿ ಚಲೋ ಇತ್ತೋ," ಎಂದರು ಹಿರಿಯರು. ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಆ ನಗೆ ಮುಗಿಯುವವರೆಗೂ ಅವರು ಕಾದರು. "ಇನ್ನೂ ಒಂದು ಬಂತು, ಅದನ್ನ ಬರಿಯೂದು ಯಾವ ಕಾಲಮ್ಮಿನಾಗ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ದೇವಾಲಯದಾಗ ಕೈ ಜೋಡಿಸಿ ಪ್ರಾರ್ಥನೆ ಮಾಡಿದ್ದ. ಆ ಭಾನುವಾರ ಕೈ ಜೋಡಿಸಿದಾಗ ಮೊದಲನೇ ಸಲ ಎರಡೂ ಕೈ ತನ್ನವ ಅನಿಸಿದವು."

ಎಲೀಷ ಎದ್ದು ನಿಂತ. ಮತ್ತೆ ಕುಳಿತ. "ಅಜ್ಜಾರ, ಆದರ ಆ ಮುದುಕ ಕೇಳಿದ್ದ. ಕರುಣಾಬಾಯಿ ಅಕ್ಕಾರು ಕೇಳಿಲ್ಲಲ್ರಿ..." ಎಂದ. ಎನ್ನುತ್ತಿರುವಾಗಲೇ ಅವನ ದನಿ ಸಣ್ಣದಾಯಿತು.

ನತಾನಯೇಲಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಮೇಲೆ ಹೊದಿಸಿದರು. ತಮ್ಮ ಕೈಯನ್ನು ಅದರ ಕೆಳಗೆ ತೂರಿಸಿ, ಐದು ಬೆರಳು ಬಿಚ್ಚಿ ಅವನ ಅಂಗೈಯಲ್ಲಿ ಇಟ್ಟರು.

"ನಾಳೆ ಆಕಿ ನಿನ್ನ ನಂಬಿ ಕಣ್ಣು ಮುಚ್ಚಿಕೊಂಡ ಬರ್ತಾಳ, ತಮ್ಮಾ, ಯಾವ ಬೆರಳು ಹಿಡೀತಿ, ಹಿಡಿ."