ಷೋಕೇಸು ಸೇರಿದ ಬಿಲ್ಲೆ

ಇಸ್ಪೀಟು ಕ್ಲಬ್ಬಿನಲ್ಲಿ ಪಣಕ್ಕೆ ದುಡ್ಡಿನ ಬದಲು ಇಡುವ ಹಳೇ ಪ್ಲಾಸ್ಟಿಕ್ ಬಿಲ್ಲೆಯೊಂದು ಆಟಗಾರರ ಕೈಯಿಂದ ಕೈಗೆ ಓಡಾಡಿ ಅಂಚೆಲ್ಲ ಸವೆದಿತ್ತು. ಯಜಮಾನ ದುಬಾರಿ ಪೋಕರ್ ಬಿಲ್ಲೆಗಳನ್ನು ತರಿಸಿದ ದಿನ, "ಸದ್ಯ, ಇನ್ನಾದರೂ ನನಗೆ ಬಿಡುವು" ಎಂದು ಅದು ನಿಟ್ಟುಸಿರು ಬಿಟ್ಟಿತು.

ಯಜಮಾನ ಹೊಸ ಬಿಲ್ಲೆಯೊಂದನ್ನು ಅಂಗೈಯಲ್ಲಿ ತೂಗಿದ, ಉಗುರಿನಿಂದ ಗೀರಿದ. ಬಣ್ಣ ಏಳಲಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲವೆಂದು ಹಿಗ್ಗಿ, ಎಲ್ಲವನ್ನೂ ಷೋಕೇಸಿನಲ್ಲಿಟ್ಟು ಬೀಗ ಹಾಕಿದ.

"ಏನು ತಮ್ಮಾ, ನೀನು ಆಟಕ್ಕೆ ಇಳಿಯುವುದಿಲ್ಲವೇ?" ಎಂದು ಹಳೆಯದು ಕೇಳಿತು.

ಗಾಜಿನೊಳಗಿನ ಹೊಸ ಬಿಲ್ಲೆ ಬೀಗಿತು: "ಎಷ್ಟು ಆಡಿದರೂ ಸವೆಯದ ಮಾಲು ನಾನು. ನನ್ನಂಥವನನ್ನು ಆಟಕ್ಕಿಳಿಸಿ ಯಾರಾದರೂ ಸವೆಸುತ್ತಾರೆಯೇ?"

ಅಷ್ಟರಲ್ಲಿ ಆಟಗಾರರು ಬಂದರು. ಯಜಮಾನನ ಕೈ ಅಭ್ಯಾಸದಂತೆ ಹಳೆಯದನ್ನೇ ಹೆಕ್ಕಿತು.

"ಸವೆಯದ ನಿನ್ನನ್ನು ಕಾಯುವುದಕ್ಕೆ ಸವೆದ ನಾನೇ ಬೇಕಾಯಿತಲ್ಲಪ್ಪಾ," ಎನ್ನುತ್ತ ಅದು ಮತ್ತೆ ಮೇಜಿನ ಮೇಲೆ ಬಿತ್ತು.