ಎಕ್ಕದ ಬೀಜಕ್ಕೆ ಬಾಳವ್ವನ ಕೂದಲು

ಲೋಕ ಆಗಷ್ಟೇ ಹೊಸದಾಗಿತ್ತು. ಗಾಳಿ ಇನ್ನೂ ಬೀಸುವುದನ್ನು ಕಲಿಯುತ್ತಿತ್ತು. ಆದರೆ ಬಾಳವ್ವನ ತಲೆ ಮಾತ್ರ ಆಗಲೇ ಪೂರ್ತಿ ನೆರೆತಿತ್ತು. ಅಷ್ಟು ಹೊಸ ಲೋಕಕ್ಕೆ ಮುದುಕಿ ಎಲ್ಲಿಂದ ಬಂದಳು ಎಂದು ಕೇಳಬೇಡಿ. ಮುದುಕಿ ಇಲ್ಲದೆ ಕಥೆ ನಡೆಯುವುದಾದರೂ ಹೇಗೆ?

ಒಂದು ದಿನ ಕೇಸರಿ ರೆಕ್ಕೆಯ ಚಿಟ್ಟೆಯೊಂದು ಬಾಳವ್ವನ ಹಿತ್ತಲಿಗೆ ಬಂತು. ಹೀರೆಬಳ್ಳಿಯ ಮೇಲೆ ಕೂತಿತು, ಎದ್ದಿತು. ಅವರೆಯ ಮೇಲೆ ಕೂತಿತು, ಎದ್ದಿತು. ಕೊನೆಗೆ ಅವಳ ಮೊರದ ಅಂಚಿಗೆ ಬಂದು ಅಳತೊಡಗಿತು.

“ಯವ್ವಾ, ನನ್ನ ಮಕ್ಕಳು ಬಿಳಿ ಎಕ್ಕದ ಎಲಿ ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ಲ. ಲೋಕದಾಗ ಇರೋದು ಒಂದ ಗಿಡ, ಗುಡ್ಡದ ನೆತ್ತಿ ಮ್ಯಾಲೆ. ಅದೂ ಒಣಗಾಕ ಹತ್ತೇತಿ. ಅದು ಹೋದ್ರ ನಮ್ಮ ವಂಶಾನೂ ಹೋತು.”

ಬಾಳವ್ವ ಕೇರುವುದನ್ನು ನಿಲ್ಲಿಸಿದಳು. “ಅಳಬ್ಯಾಡ. ನನ್ನ ಹಿತ್ತಲದಾಗ ಹಚ್ಚತೀನಿ. ಬೀಜ ತರೂದು ನನ್ನ ಕೆಲಸ.”

ಗಂಡ ದುಂಡಪ್ಪ ನಕ್ಕ. “ಆಡೂ ಮುಟ್ಟದ ಗಿಡ. ಅದನ್ನ ಯಾರರ ಮನಿ ಹಿಂದ ಹಚ್ಚತಾರೇನು?”

“ನಾ ಹಚ್ಚತೀನಿ,” ಎಂದಳು ಬಾಳವ್ವ. ಗುಡ್ಡ ಹತ್ತಿಯೇಬಿಟ್ಟಳು.

ಮೊದಲ ವರ್ಷ ಅವಳು ಎಲ್ಲಕ್ಕಿಂತ ದಪ್ಪನೆಯ ಹಸಿರು ಕಾಯಿಯನ್ನು ಕಿತ್ತು ತಂದಳು. ಅವರೆಬೀಜಕ್ಕೆ ಮಾಡುವ ಹಾಗೆಯೇ ಬೂದಿ ಕಲಸಿ, ಗಡಿಗೆಗೆ ತುಂಬಿ, ಬಾಯಿಗೆ ಸೆಗಣಿ ಮೆತ್ತಿದಳು. ಮಳೆಗಾಲಕ್ಕೆ ಗಡಿಗೆ ತೆರೆದರೆ ಒಳಗೆ ಬರೀ ಮುರುಟಿದ ಹೊಟ್ಟು. ಬಲಿಯುವ ಮೊದಲೇ ಕಿತ್ತಿದ್ದಳು, ಆತುರಗೇಡಿ.

ಎರಡನೆಯ ವರ್ಷ ಕಾಯಿ ಬಲಿಯಲಿ ಎಂದು ಕಾದಳು. ಒಂದೇ ಒಂದು ದಿನ ತಡವಾಯಿತು. ಕಾಯಿ ಒಡೆದು ಬೀಜವೆಲ್ಲ ಬಂಡೆಯ ಬಿರುಕಿಗೆ ಉರುಳಿಹೋಗಿತ್ತು. ಆಗಿನ ಎಕ್ಕದ ಬೀಜ ಬೋಳು, ಬಿದ್ದಲ್ಲೇ ಬಿದ್ದಿರುತ್ತಿತ್ತು. ಇರುವೆಗಳು ಹೊತ್ತುಕೊಂಡು ಹೋಗುವುದನ್ನು ಬಾಳವ್ವ ನೋಡುತ್ತ ನಿಂತಳು.

“ಏ ಗಾಳಿ, ಒಂದರ ಬೀಜ ನಮ್ಮ ಮನಿ ಕಡೆ ತರಾಕ ಆಗ್ಲಿಲ್ಲೇನು?” ಎಂದು ಬೈದಳು.

“ಹೆಂಗ ತರ್ಲಿ ಯವ್ವಾ? ಹಿಡ್ಯಾಕ ಏನೈತಿ ಅದಕ್ಕ? ಕೈ ಜಾರತೈತಿ,” ಎಂದಿತು ಗಾಳಿ.

ಮೂರನೆಯ ವರ್ಷ ಗಿಡದಲ್ಲಿ ಉಳಿದದ್ದು ಒಂದೇ ಹಸಿರು ಕೊಂಬೆ, ಒಂದೇ ಕಾಯಿ. ಚಿಟ್ಟೆ ಈಗ ಅಳುತ್ತಲೂ ಇರಲಿಲ್ಲ. ಬಾಳವ್ವ ಗಿಡದ ಬುಡದಲ್ಲೇ ಕೂತಳು. ಕೂತಲ್ಲೇ ತಲೆ ಬಾಚಿಕೊಂಡಳು.

ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುವುದು ಆ ಕಡೆಯ ಹೆಂಗಸರ ರೂಢಿ. ಗುಡ್ಡದ ಮೇಲೆ ಗೋಡೆ ಎಲ್ಲಿಂದ ಬರಬೇಕು? ಬಾಳವ್ವ ಕೈಯಲ್ಲಿದ್ದ ಬಿಳಿ ಉಂಡೆಯನ್ನು ನೋಡಿದಳು, ಕಾಯಿಯನ್ನು ನೋಡಿದಳು. ಕೂದಲು ಬಿಡಿಸಿ ಕಾಯಿಯ ಸುತ್ತ ಬಿಗಿಯಾಗಿ ಸುತ್ತಿದಳು. ಇನ್ನು ಕಾಯಿ ಒಡೆದರೂ ಬೀಜ ಚೆಲ್ಲುವಂತಿರಲಿಲ್ಲ. ಎಕ್ಕದ ಹಾಲು ಒಸರಿ ಕೂದಲು ಅಂಟಿಕೊಂಡಿತು.

ಮರುದಿನ ಮತ್ತೆ ಹತ್ತಿದಳು, ಮತ್ತೆ ಸುತ್ತಿದಳು. ಕಾಯಿ ಉಬ್ಬುತ್ತಿತ್ತು, ಅವಳ ಮೊಣಕಾಲೂ ಉಬ್ಬುತ್ತಿತ್ತು. ಉದುರಿದ ಕೂದಲು ಸಾಲದಾದಾಗ ಕಿತ್ತು ಸುತ್ತಿದಳು. ದುಂಡಪ್ಪ ನೀರಿನ ತಂಬಿಗೆ ಹಿಡಿದು ಏದುಸಿರು ಬಿಡುತ್ತ ಬಂದ.

“ನಿನ್ನ ತಲಿ ಬೋಳಾಗಾಕ ಹತ್ತೇತಿ,” ಎಂದ.

“ಆಗ್ಲಿ. ಬೀಜಾನೂ ಬೋಳ ಐತಿ.”

ದುಂಡಪ್ಪ ಈ ಸಲ ನಗಲಿಲ್ಲ. ಅವಳ ಪಕ್ಕದಲ್ಲೇ ನೆರಳಾಗಿ ಕೂತ.

ಇತ್ತ ಕೂದಲು ಕಾಯಿಯ ಸಿಪ್ಪೆಗೆ ಇಳಿಯಿತು, ಸಿಪ್ಪೆಯಿಂದ ಹೊಟ್ಟೆಗೆ ಇಳಿಯಿತು. ಒಳಗಿನ ಬೀಜಗಳು ಒಂದೊಂದೂ ಒಂದೊಂದು ಎಳೆ ಹಿಡಿದುಕೊಂಡವು.

ಒಂದು ಮಧ್ಯಾಹ್ನ ಕಾಯಿ ಚಟ್ಟನೆ ಒಡೆಯಿತು. ಬಾಳವ್ವ ಸೆರಗು ಒಡ್ಡಿದಳು. ನೂರಾರು ಬೀಜ, ಎಲ್ಲಕ್ಕೂ ಬೆಳ್ಳನೆಯ ಕೂದಲು!

“ಈಗ ಸಿಕ್ತು ನೋಡು ಹಿಡಿಕಿ!” ಎಂದು ಗಾಳಿ ಕೇಕೆ ಹಾಕಿ ಎಲ್ಲವನ್ನೂ ಎತ್ತಿಕೊಂಡು ಹಾರಿತು. ಸೆರಗಿನಲ್ಲಿ ಒಂದು ಬೀಜವೂ ಉಳಿಯಲಿಲ್ಲ.

ಬಾಳವ್ವ ಬಾಯಿಗೆ ಬಂದಂತೆ ಬೈದಳು. ಆಮೇಲೆ ಅತ್ತಳು, ಮೂರು ವರ್ಷದ ಅಳು. ದುಂಡಪ್ಪ ಅವಳ ಕೈ ಹಿಡಿದು ಗುಡ್ಡ ಇಳಿಸಿದ.

ಮಳೆ ಬಂತು. ಹೀರೆಚಪ್ಪರದ ಕೆಳಗೆ ಏನೋ ಮೊಳೆತಿದೆ ಎಂದು ದುಂಡಪ್ಪನೇ ಕೂಗಿದ. ಬಾಳವ್ವ ಓಡಿ ಬಂದಳು. ಎರಡೇ ಎಲೆಯ ಎಕ್ಕದ ಸಸಿ. ಬೇಲಿಯಾಚೆ ಇನ್ನೊಂದು, ದಾರಿಯ ಪಕ್ಕ ಮತ್ತೊಂದು, ಕೆರೆಯ ಏರಿಯ ಮೇಲೆ ಲೆಕ್ಕವಿಲ್ಲದಷ್ಟು. ಕೇಸರಿ ಚಿಟ್ಟೆ ಆಗಲೇ ಎಲೆಯಡಿ ಒಂದು ಮೊಟ್ಟೆ ಇಟ್ಟಾಗಿತ್ತು.

“ಒಂದು ಕೇಳಿದ್ದಿ, ಊರ ತುಂಬ ಕೊಟ್ಟೆ. ಇನ್ನೂ ಬೈತೀಯೇನು?” ಎಂದಿತು ಗಾಳಿ.

ಬಾಳವ್ವ ತನ್ನ ಬೋಳು ತಲೆ ಸವರಿಕೊಂಡು ನಕ್ಕಳು.

ಅದಕ್ಕೇ ಇವತ್ತಿಗೂ ಬಿಸಿಲುಗಾಲದಲ್ಲಿ ಎಕ್ಕದ ಕಾಯಿ ಒಡೆದರೆ ಬೆಳ್ಳನೆಯ ಕೂದಲು ಹಾರುತ್ತದೆ, ಮಕ್ಕಳು “ಅಜ್ಜಿ ಕೂದಲು!” ಎಂದು ಹಿಂದೆ ಓಡುತ್ತಾರೆ. ನಿಮ್ಮ ಕೈಗೆ ಸಿಕ್ಕ ಕೂದಲಿನ ತುದಿಯಲ್ಲಿ ಬೀಜ ಇನ್ನೂ ಇದ್ದರೆ, ಮುಷ್ಟಿ ಬಿಚ್ಚಿ ಹಿತ್ತಲ ಕಡೆಗೆ ಊದಿಬಿಡಿ. ಬಾಳವ್ವ ಅಷ್ಟು ಸಲ ಗುಡ್ಡ ಹತ್ತಿದ್ದು ಅದಕ್ಕಾಗಿಯೇ.