ಉಮ್ಮತ್ತಿ ಪೊದೆಯ ಕಾವಲುಗಾರರು

ಕಾಡಿನ ಮರಿಗಳು ಉಮ್ಮತ್ತಿಯ ವಿಷಕಾಯಿ ತಿಂದು ಅಮಲೇರಿ ಸಾಯದಂತೆ ನವಿಲೂ ಹುಂಜವೂ ಪೊದೆಗಳನ್ನು ಹಂಚಿಕೊಂಡು ಬೇರೆ ಬೇರೆಯಾಗಿ ಕಾವಲಿದ್ದವು. ಹೆಚ್ಚು ಮರಿಗಳನ್ನು ಉಳಿಸಿದವರಿಗೆ ಆನೆರಾಯ ಕಾಳು ಕೊಡುತ್ತಿದ್ದ.

ಒಂದು ದಿನ ಜಿಂಕೆಯೊಂದು ತನ್ನ ಮರಿ ಉಮ್ಮತ್ತಿ ಮೆಲ್ಲುವುದನ್ನು ಕಂಡಿತು. ಎಷ್ಟು ಬೇಡಿದರೂ ಮರಿ ಕೇಳದಿದ್ದಾಗ ನವಿಲಿನ ಬಳಿಗೆ ಓಡಿತು.

"ಆ ಪೊದೆ ಹುಂಜನ ಪಾಲಿನದು, ತಾಯಿ. ನಾನು ಉಳಿಸಿದರೂ ಕಾಳು ಅವನಿಗೇ," ಎಂದಿತು ನವಿಲು.

ಜಿಂಕೆ ಹುಂಜದ ಕಾಲಿಗೆ ಬಿತ್ತು.

"ನೀನು ಮೊದಲು ನವಿಲಿನ ಹತ್ತಿರ ಹೋದದ್ದನ್ನು ಕಂಡೆ. ಅವನೇ ಉಳಿಸಲಿ," ಎಂದು ಹುಂಜ ಮುಖ ತಿರುಗಿಸಿತು.

ಜಿಂಕೆ ಏದುಸಿರು ಬಿಡುತ್ತ ಹಿಂದಿರುಗಿದಾಗ ಮರಿಯ ಮೈ ತಣ್ಣಗಾಗಿತ್ತು.

ಸುದ್ದಿ ತಿಳಿದು ಆನೆರಾಯ ಬಂದ. ಅವನ ಹಿಂದೆಯೇ ನವಿಲೂ ಹುಂಜವೂ ಓಡಿಬಂದು, ಒಂದನ್ನೊಂದು ಮೀರಿಸುವಂತೆ ಗೋಳಾಡತೊಡಗಿದವು.

ಜಿಂಕೆ ತಲೆಯೆತ್ತಿ ಹೇಳಿತು: "ಅಣ್ಣಂದಿರಾ, ಒಂದು ಗಳಿಗೆ ಸುಮ್ಮನಿರಿ. ನಾನೂ ಅಳಬೇಕು."